ಚಂದ್ರನ ಫೋಟೋ ಬಿಳಿ ಉಂಡೆಯಾಗಿ ಬಂದರೆ ಕ್ಯಾಮೆರಾ ಬಿಚ್ಚಿಸಬೇಡಿ

ಹುಣ್ಣಿಮೆಯ ಮಾರನೇ ದಿನ ನನ್ನ ಅಂಗಡಿಗೆ ಒಬ್ಬರಾದರೂ ಈ ತಕರಾರು ಹಿಡಿದುಕೊಂಡು ಬರುತ್ತಾರೆ. ಕೊಪ್ಪಳದಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿರುವವನು ನಾನು. ಹುಣ್ಣಿಮೆಗೆ ಅಂತ ಹುಲಿಗಿಗೆ ಹೋಗಿ ಹುಲಿಗೆಮ್ಮನ ದರ್ಶನ ಮಾಡಿ ಬಂದವರು, ಬನದ ಹುಣ್ಣಿಮೆ ಕಳೆದು ಎರಡು ದಿನಕ್ಕೆ ಗವಿಮಠದ ತೇರು ನೋಡಿ ಮನೆಗೆ ಹೋಗುವಾಗ ಚಂದ್ರ ಮೂಡುವುದನ್ನು ಕಂಡವರು, ಸುಮ್ನೆ ಮಾಳಿಗೆ ಮೇಲೆ ಮಲಗಿದ್ದವರು, ಎಲ್ಲರ ಮಾತೂ ಒಂದೇ. "ಅಣ್ಣಾ, ಕ್ಯಾಮೆರಾ ಹೋಗೈತಿ ನೋಡ್ರಿ. ಕಣ್ಣಿಗೆ ಎಷ್ಟ್ ಚಂದ ಕಾಣ್ತಾನ ಚಂದಪ್ಪ, ಫೋಟೋದಾಗ ಬಲ್ಬ್ ಬಂದಂಗ ಬರ್ತಾನ."

ಕ್ಯಾಮೆರಾ ಹೋಗಿರುವುದಿಲ್ಲ. ಬಿಚ್ಚಿ, ಒರೆಸಿ, ಮುಚ್ಚಿ ಮುನ್ನೂರು ರೂಪಾಯಿ ತಗೋಬಹುದು, ತಗೊಳ್ಳುವವರೂ ಇದ್ದಾರೆ. ಆದರೆ ಮುಂದಿನ ಹುಣ್ಣಿಮೆಗೆ ಅದೇ ಬಲ್ಬ್ ಬಂದಾಗ ಬೈಯುವುದು ನನ್ನನ್ನೇ ಅಲ್ವಾ? ಅದಕ್ಕೇ ಅಂಗಡಿಯಲ್ಲಿ ನಾನು ಯಾವ ಕ್ರಮದಲ್ಲಿ ನೋಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ. ಇದರಲ್ಲಿ ಮುಕ್ಕಾಲು ಭಾಗ ನೀವೇ ಮನೆಯಲ್ಲಿ ಮಾಡಬಹುದು.

ಮೊದಲು ಹಗಲಿನಲ್ಲಿ ಒಂದು ಪರೀಕ್ಷೆ

ರಾತ್ರಿಯ ಫೋಟೋ ನೋಡಿ ಕ್ಯಾಮೆರಾ ಕೆಟ್ಟಿದೆಯೋ ಇಲ್ಲವೋ ಹೇಳುವುದು ಕಷ್ಟ. ಹಗಲಿನಲ್ಲಿ ಎರಡು ಫೋಟೋ ತೆಗೆಯಿರಿ. ಒಂದು, ಗೇಣು ದೂರದಲ್ಲಿ ಇಟ್ಟ ಪೇಪರಿನ ಅಕ್ಷರ. ಇನ್ನೊಂದು, ಆದಷ್ಟು ದೂರದ ವಸ್ತು. ನಮ್ಮ ಅಂಗಡಿ ಮುಂದೆ ನಿಂತರೆ ಕೋಟೆ ಬೆಟ್ಟ ಕಾಣುತ್ತದೆ, ನಾನು ಅದನ್ನೇ ಹೊಡೆಯುತ್ತೇನೆ. ಬಳ್ಳಾರಿಯವರಿಗೂ ರಾಯಚೂರಿನವರಿಗೂ ಬೆಟ್ಟಕ್ಕೆ, ಕೋಟೆಗೆ ಕೊರತೆ ಇಲ್ಲ. ಏನೂ ಇಲ್ಲದಿದ್ದರೆ ದೂರದ ಮೊಬೈಲ್ ಟವರ್ ಆದೀತು. ಎರಡೂ ಫೋಟೋ ಚೊಕ್ಕ ಬಂದರೆ ಲೆನ್ಸು, ಫೋಕಸ್ಸು, ಸೆನ್ಸರ್ ಎಲ್ಲ ಸರಿ ಇವೆ. ಹತ್ತಿರದ್ದು ಚೊಕ್ಕ, ದೂರದ್ದು ಮಬ್ಬು ಬಂದರೆ, ಅಥವಾ ಕ್ಯಾಮೆರಾ ತೆರೆದ ಕೂಡಲೇ ಒಳಗಿನಿಂದ ಟರ್ ಅಂತ ಸದ್ದು ಬಂದರೆ, ನೇರ ಕೊನೆಯ ಭಾಗಕ್ಕೆ ಹೋಗಿ. ನಿಮ್ಮದು ನಿಜವಾದ ರಿಪೇರಿ ಕೇಸು.

ಹಾಗೇ ಲೆನ್ಸ್ ಒರೆಸಿ. ಬನಿಯನ್ ಬಟ್ಟೆ ಸಾಕು, ಅಂಗಿಯ ತುದಿ ಬೇಡ. ಅಂಗಿಯಲ್ಲಿ ನಮ್ಮೂರ ಧೂಳು ಇರುತ್ತದೆ, ಅದು ಗ್ಲಾಸ್ ಗೀರುತ್ತದೆ. ಮಿರ್ಚಿ ತಿಂದ ಕೈಯ ಎಣ್ಣೆ ಲೆನ್ಸಿನ ಮೇಲಿದ್ದರೆ ಚಂದ್ರನ ಸುತ್ತ ಹೊಗೆಯಂಥ ಬೆಳಕು ಹರಡುತ್ತದೆ, ಇಲ್ಲವೇ ಉದ್ದುದ್ದ ಗೆರೆ ಬರುತ್ತವೆ. ಆ ಗೆರೆ ಬೆರಳು ಎಳೆದ ದಿಕ್ಕಿಗೆ ಅಡ್ಡಡ್ಡ ಇರುತ್ತವೆ. ಬೇಕಿದ್ದರೆ ಬೇಕಂತಲೇ ಬೆರಳು ಎಳೆದು ನೋಡಿ.

ಬಿಳಿ ಉಂಡೆ

ಇದೇ ದೊಡ್ಡ ತಕರಾರು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಕೂರುತ್ತೇನೆ.

ಗಿರಾಕಿ ಫೋನ್ ಕೊಟ್ಟ ಕೂಡಲೇ ನಾನು ನೋಡುವುದು ಫೋಟೋ ಅಲ್ಲ, ಫೋಟೋದ ವಿವರ. ಗ್ಯಾಲರಿಯಲ್ಲಿ ಫೋಟೋ ತೆರೆದು ಮೇಲಕ್ಕೆ ಎಳೆಯಿರಿ, ಅಥವಾ ಮೂರು ಚುಕ್ಕೆ ಒತ್ತಿ ವಿವರ ಅಂತ ಇರುವುದನ್ನು ತೆರೆಯಿರಿ. ಅಲ್ಲಿ ಮೂರು ಅಂಕಿ ಇರುತ್ತವೆ. ಎಫ್ ಅಂತ ಶುರುವಾಗುವುದು ಲೆನ್ಸಿನ ಬಾಯಿ ಎಷ್ಟು ಅಗಲ ಅನ್ನುವುದು. 1/ ಅಂತ ಇರುವುದು ಶಟರ್, ಅಂದರೆ ಬೆಳಕು ಎಷ್ಟು ಹೊತ್ತು ಒಳಗೆ ಬಿತ್ತು ಅನ್ನುವುದು. ಐಎಸ್‌ಓ ಅಂದರೆ ಬಿದ್ದ ಬೆಳಕನ್ನು ಫೋನು ಎಷ್ಟು ಉಬ್ಬಿಸಿ ತೋರಿಸಿತು ಅನ್ನುವುದು.

ಈಚೆಗೆ ಭಾಗ್ಯನಗರದ ಹುಡುಗಿಯೊಬ್ಬಳು ತಂದ ಫೋನಿನಲ್ಲಿ ಹೀಗಿತ್ತು: ಎಫ್/1.8, 1/17 ಸೆಕೆಂಡ್, ಐಎಸ್‌ಓ 1250. ಇಷ್ಟು ನೋಡಿದರೆ ಸಾಕು, ಫೋಟೋ ನೋಡುವುದೇ ಬೇಡ. ದೊಡ್ಡ ಕ್ಯಾಮೆರಾ ಹಿಡಿಯುವವರಲ್ಲಿ ಹಳೆಯ ಲೆಕ್ಕವೊಂದಿದೆ, ಅದಕ್ಕೆ ಲೂನಿ 11 ಅಂತಾರೆ. ಹುಣ್ಣಿಮೆ ಚಂದ್ರನಿಗೆ ಎಫ್/11 ಇಟ್ಟರೆ, ಐಎಸ್‌ಓ 100ಕ್ಕೆ ಶಟರ್ 1/100 ಸಾಕು ಅನ್ನುವುದು ಅದರ ಸಾರ. ಫೋನಿನ ಲೆನ್ಸ್ ಎಫ್/1.8, ಅಂದರೆ ಬಾಯಿ ಬಲು ಅಗಲ, ಸುಮಾರು 37 ಪಟ್ಟು ಜಾಸ್ತಿ ಬೆಳಕು ನುಗ್ಗುತ್ತದೆ. ಆ ಲೆಕ್ಕದಲ್ಲಿ ಶಟರ್ 1/3700 ಆಗಬೇಕಿತ್ತು. ಆಕೆಯ ಫೋನು 1/17 ಇಟ್ಟಿದೆ, ಮೇಲೆ ಐಎಸ್‌ಓ ಹನ್ನೆರಡೂವರೆ ಪಟ್ಟು ಏರಿಸಿದೆ. ಗುಣಿಸಿದರೆ ಬೇಕಾದದ್ದಕ್ಕಿಂತ ಸುಮಾರು 2700 ಪಟ್ಟು ಜಾಸ್ತಿ! ಒಂದು ಚಿಟಿಕೆ ಉಪ್ಪು ಸಾಕಾಗುವ ಸಾರಿಗೆ ಚೀಲ ಸುರುವಿದ ಹಾಗೆ. ಉಂಡೆ ಬಿಳಿಯಾಗದೆ ಇನ್ನೇನಾದೀತು.

ಫೋನಿನದು ತಪ್ಪಾ? ಅದೂ ಅಲ್ಲ. ಫೋನು ಇಡೀ ಚಿತ್ರವನ್ನು ನೋಡಿ ಬೆಳಕಿನ ಅಂದಾಜು ಮಾಡುತ್ತದೆ. ಚಿತ್ರದ ತುಂಬ ಕರಿ ಆಕಾಶ, ಮೂಲೆಯಲ್ಲೊಂದು ಚಂದ್ರ. ಅಯ್ಯೋ ಕತ್ತಲೆ, ಬೆಳಕು ಏರಿಸೋಣ ಅಂತ ಅದು ಏರಿಸುತ್ತದೆ. ಆದರೆ ನಮಗೆ ರಾತ್ರಿಯಾದರೂ ಚಂದ್ರನ ಮೇಲೆ ಆಗ ಬಿಸಿಲು. ಮೇ ತಿಂಗಳ ಮಧ್ಯಾಹ್ನ ಆನೆಗೊಂದಿಯ ಬಂಡೆಗಳ ಮೇಲೆ ಹೇಗೆ ಬಿಸಿಲು ಬಿದ್ದಿರುತ್ತದೋ ಹಾಗೇ, ಅದೇ ಸೂರ್ಯನದು. ಚಂದ್ರ ಹಾಲಿನಂತೆ ಬೆಳ್ಳಗಿದ್ದಾನೆ ಅನ್ನುವುದೂ ಕಣ್ಣಿನ ಭ್ರಮೆ. ಅವನ ನೆಲ ಬಿದ್ದ ಬೆಳಕಿನಲ್ಲಿ ಸುಮಾರು 12 ಪಾಲು ಮಾತ್ರ ವಾಪಸ್ ಕಳಿಸುತ್ತದೆ, ಉಳಿದ 88 ಪಾಲು ನುಂಗುತ್ತದೆ. ಹಳೆಯ ಡಾಂಬರು ರಸ್ತೆಯೂ ಹೆಚ್ಚುಕಡಿಮೆ ಹೀಗೇ. ಅಂದರೆ ನೀವು ತೆಗೆಯುತ್ತಿರುವುದು ಬಿಸಿಲಿನಲ್ಲಿರುವ ಡಾಂಬರು ರಸ್ತೆಯ ಫೋಟೋ. ಅದಕ್ಕೆ ಯಾರಾದರೂ ನೈಟ್ ಮೋಡ್ ಹಾಕುತ್ತಾರಾ?

ಹಾಗಾಗಿ ಮಾಡಬೇಕಾದದ್ದು ಇಷ್ಟು. ನೈಟ್ ಮೋಡ್ ಬಂದ್ ಮಾಡಿ, ಕೆಲವು ಫೋನಿನಲ್ಲಿ ಅದು ತಾನೇ ಹತ್ತಿಕೊಳ್ಳುತ್ತದೆ, ನೋಡಿಕೊಳ್ಳಿ. ಫ್ಲಾಶ್ ಬಂದ್ ಮಾಡಿ (ಚಂದ್ರನಿಗೆ ಫ್ಲಾಶ್ ಹೊಡೆದವರನ್ನು ನೋಡಿದ್ದೇನೆ, ಸರಾಸರಿ 3,84,400 ಕಿಲೋಮೀಟರ್ ದೂರ ಇದ್ದಾನೆ ಪುಣ್ಯಾತ್ಮ). ಝೂಮ್ ಮಾಡಿ, ಪರದೆಯಲ್ಲಿ ಚಂದ್ರನ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಫೋಕಸ್ ಬೀಗ ಬಿದ್ದ ಗುರುತು ಬರುತ್ತದೆ. ಪಕ್ಕದಲ್ಲಿ ಸಣ್ಣ ಸೂರ್ಯನ ಚಿತ್ರ ಇರುತ್ತದೆ, ಅದನ್ನು ಕೆಳಕ್ಕೆ ಎಳೆಯಿರಿ. ಆಕಾಶ ಪೂರಾ ಕಪ್ಪಾಗುವವರೆಗೆ, ಇನ್ನೂ ಸ್ವಲ್ಪ. ಎಲ್ಲಿ ನಿಲ್ಲಿಸಬೇಕು ಅಂದರೆ ಮೊಲ ಕಂಡಾಗ. ಅಜ್ಜಿ ಚಂದ್ರನಲ್ಲಿ ತೋರಿಸುತ್ತಿದ್ದಳಲ್ಲ ಅದೇ ಮೊಲ. ಆ ಕಪ್ಪು ಕಲೆಗಳು ಹಿಂದೆ ಯಾವಾಗಲೋ ಲಾವಾ ಹರಿದು ಗಟ್ಟಿಯಾದ ಬಯಲು. ಪರದೆಯ ಮೇಲೆ ಮೊಲದ ಕಿವಿ ಬಿಡಿಬಿಡಿಯಾಗಿ ಕಂಡರೆ ಬೆಳಕು ಸರಿಯಾಗಿದೆ ಅಂತ ಅರ್ಥ, ಬೇರೆ ಮೀಟರ್ ಬೇಕಿಲ್ಲ.

ಐಎಸ್‌ಓ, ಶಟರ್ ನಾವೇ ಇಡಬಹುದಾದ ಪ್ರೊ ಮೋಡ್ ಇರುವ ಫೋನಾದರೆ ಕೆಲಸ ಇನ್ನೂ ಸಲೀಸು. ಐಎಸ್‌ಓ 50 ಅಥವಾ 100, ಶಟರ್ 1/1000ದಿಂದ ಶುರು ಮಾಡಿ. ಲೆಕ್ಕ 1/3700 ಅಂದರೂ ನಮ್ಮ ಗಾಳಿಯ ಧೂಳು, ಮಬ್ಬು ಒಂದಿಷ್ಟು ಬೆಳಕು ತಿಂದುಹಾಕುತ್ತವೆ. ಬಿಳಿಯಾದರೆ 1/2000ಕ್ಕೆ ಹೋಗಿ, ಕಪ್ಪಾದರೆ 1/500ಕ್ಕೆ ಬನ್ನಿ. ಕೆಲವು ಫೋನಿನಲ್ಲಿ ಝೂಮ್‌ಗೆ ಅಂತಲೇ ಬೇರೆ ಇರುವ ದೂರದ ಲೆನ್ಸಿನ ಬಾಯಿ ಸಣ್ಣದು, ಅದಕ್ಕೆ 1/500ರ ಆಸುಪಾಸು ಹಿಡಿಸುತ್ತದೆ. ಅಷ್ಟಮಿಯ ಅರ್ಧ ಚಂದ್ರನಿಗೆ ಹುಣ್ಣಿಮೆಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಹೊತ್ತು ಕೊಡಿ, ಯಾಕೆಂದರೆ ಅಲ್ಲಿ ಬಿಸಿಲು ಓರೆಯಾಗಿ ಬಿದ್ದಿರುತ್ತದೆ.

ಚಂದ್ರನೂ ಬೇಕು, ಕೆಳಗೆ ಗುಡಿ ಗೋಪುರವೂ ಬೇಕು ಅನ್ನುವವರಿಗೆ ಒಂದು ಮಾತು. ರಾತ್ರಿ ಅದು ಒಂದೇ ಫೋಟೋದಲ್ಲಿ ಆಗುವುದಿಲ್ಲ. ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ. ಹುಣ್ಣಿಮೆಯ ಹಿಂದಿನ ದಿನ, ಚತುರ್ದಶಿಯ ಸಂಜೆ ಹೋಗಿ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಮೂಡುತ್ತಾನೆ, ಹಾಗಾಗಿ ಹಿಂದಿನ ದಿನ ಸೂರ್ಯ ಮುಳುಗುವ ಮೊದಲೇ ಮೇಲೆ ಬಂದಿರುತ್ತಾನೆ. ಅಂಜನಾದ್ರಿ ಬೆಟ್ಟದ ಮೇಲೆ ಇನ್ನೂ ಸಂಜೆಯ ಬೆಳಕು, ಆಕಾಶದಲ್ಲಿ ಚಂದ್ರ, ಎರಡಕ್ಕೂ ಒಂದೇ ಅಳತೆ ಸಾಕು. ಏನೂ ತಿದ್ದದೆ ಸಾದಾ ಮೋಡಿನಲ್ಲೇ ಬರುತ್ತದೆ.

ಮಬ್ಬಾಗಿ ಬಂದರೆ: ಮೂರು ಥರ ಮಬ್ಬು ಇವೆ

ಗಿರಾಕಿಗಳು ಎಲ್ಲವನ್ನೂ 'ಬ್ಲರ್' ಅಂತಾರೆ. ಆದರೆ ಮೂರಕ್ಕೂ ಮದ್ದು ಬೇರೆ ಬೇರೆ.

ಚಂದ್ರ ಒಂದೇ ದಿಕ್ಕಿಗೆ ಎಳೆದಂತೆ, ಮೊಟ್ಟೆಯಂತೆ ಬಂದಿದ್ದರೆ, ಪಕ್ಕದ ಬೀದಿದೀಪವೂ ಅದೇ ದಿಕ್ಕಿಗೆ ಗೆರೆಯಾಗಿದ್ದರೆ, ಅದು ಕೈ ನಡುಗಿದ್ದು. ಎಲ್ಲರೂ ಟ್ರೈಪಾಡ್ ತಗೊಳ್ಳಿ ಅಂತಾರೆ, ನಾನು ಮೊದಲಿಗೆ ಹಾಗೆ ಹೇಳುವುದಿಲ್ಲ. ಮೇಲೆ ಹೇಳಿದ ಹಾಗೆ ಬೆಳಕು ಇಳಿಸಿದರೆ ಶಟರ್ 1/500, 1/1000 ಆಗುತ್ತದೆ, ಅಷ್ಟು ಚುರುಕಾದ ಶಟರಿಗೆ ಕೈ ನಡುಕ ಅಷ್ಟಾಗಿ ಸಿಗುವುದೇ ಇಲ್ಲ. 1/17ರಲ್ಲಿ ನಡುಗಿದ್ದನ್ನು ಟ್ರೈಪಾಡಿನಿಂದ ಸರಿ ಮಾಡಿದರೆ ಚೊಕ್ಕವಾದ ಬಿಳಿ ಉಂಡೆ ಸಿಗುತ್ತದೆ, ಅಷ್ಟೇ. ಆಸರೆ ಬೇಕಾಗುವುದು ಜಾಸ್ತಿ ಝೂಮ್‌ನಲ್ಲಿ, ಚಂದ್ರ ಪರದೆಯೊಳಗೆ ನಿಲ್ಲಲಿ ಅಂತ. ಅದಕ್ಕೆ ಒಂದು ಸಣ್ಣ ಬಟ್ಟೆ ಚೀಲದಲ್ಲಿ ಎರಡು ಕಿಲೋ ಜೋಳ ತುಂಬಿ ಬಾಯಿ ಕಟ್ಟಿ. ಗಂಗಾವತಿ ಕಡೆಯವರು ಅಕ್ಕಿ ತುಂಬಿ, ಯಾರೂ ಬೇಡ ಅನ್ನುವುದಿಲ್ಲ. ಮಾಳಿಗೆಯ ಗೋಡೆ ಮೇಲೆ ಚೀಲ ಇಟ್ಟು, ಅದರಲ್ಲಿ ಫೋನು ಹುದುಗಿಸಿದರೆ ಬೇಕಾದ ಕೋನಕ್ಕೆ ನಿಲ್ಲುತ್ತದೆ. ಮೂರು ಸೆಕೆಂಡಿನ ಟೈಮರ್ ಇಡಿ, ಬಟನ್ ಒತ್ತಿದ ಅಲುಗಾಟ ಅಷ್ಟರಲ್ಲಿ ನಿಂತಿರುತ್ತದೆ. ಇಟ್ಟು ಮರೆತು ಚಹಾ ಕುಡಿಯಲು ಮಾತ್ರ ಹೋಗಬೇಡಿ. ಭೂಮಿ ತಿರುಗುವುದರಿಂದ ಚಂದ್ರ ಎರಡು ನಿಮಿಷಕ್ಕೆ ತನ್ನ ಮೈಯಷ್ಟು ಅಗಲ ಸರಿದಿರುತ್ತಾನೆ.

ಎರಡನೆಯದು ಫೋಕಸ್. ಚಂದ್ರನ ಅಂಚು ಸುತ್ತಲೂ ಒಂದೇ ಸಮ ಮೆತ್ತಗಿರುತ್ತದೆ, ದೂರದ ದೀಪಗಳೂ ಚುಕ್ಕೆಯಾಗುವ ಬದಲು ಬಿಲ್ಲೆಗಳಾಗಿರುತ್ತವೆ. ಕರಿ ಆಕಾಶದಲ್ಲಿ ಹಿಡಿಯಲು ಏನೂ ಸಿಗದೆ ಫೋಕಸ್ ಹಿಂದೆ ಮುಂದೆ ಅಲೆಯುತ್ತದೆ, ಪರದೆಯಲ್ಲಿ ಚಂದ್ರ ಉಬ್ಬಿ ಇಳಿಯುವುದು ಕಾಣುತ್ತದೆ. ಮೊದಲು ಬೆಳಕು ಇಳಿಸಿ, ಮೊಲ ಕಾಣುವಂತೆ ಮಾಡಿ, ಆಮೇಲೆ ಒತ್ತಿ ಬೀಗ ಹಾಕಿ. ಕಲೆ ಕಂಡರೆ ಫೋಕಸಿಗೆ ಹಿಡಿಯಲು ಏನಾದರೂ ಸಿಗುತ್ತದೆ. ಆಗಲಿಲ್ಲವಾ, ದೂರದ ಟವರಿನ ಕೆಂಪು ದೀಪಕ್ಕೆ ಫೋಕಸ್ ಬೀಗ ಹಾಕಿ ಫೋನನ್ನು ಚಂದ್ರನ ಕಡೆ ತಿರುಗಿಸಿ. ಪ್ರೊ ಮೋಡಿನಲ್ಲಿ ಫೋಕಸ್ ಪಟ್ಟಿಯನ್ನು ಬೆಟ್ಟದ ಗುರುತಿನ ಕಡೆಗೆ ಎಳೆಯಬೇಕು. ಆದರೆ ಪೂರ್ತಿ ಕೊನೆಗೆ ತಳ್ಳಿದರೆ ಕೆಲವು ಫೋನು ದಾಟಿ ಹೋಗುತ್ತವೆ, ಒಂದು ಕೂದಲೆಳೆ ಹಿಂದಕ್ಕೆ ತನ್ನಿ.

ಮೂರನೆಯದಕ್ಕೆ ಫೋನಿನಲ್ಲಿ ಮದ್ದಿಲ್ಲ. ಹತ್ತು ಫೋಟೋ ತೆಗೆದರೆ ಹತ್ತರಲ್ಲೂ ಅಂಚು ಬೇರೆ ಬೇರೆ ಥರ ಸೊಟ್ಟಗಿರುತ್ತದೆ. ವೀಡಿಯೋ ಮಾಡಿ ನೋಡಿದರೆ ಚಂದ್ರ ಹೊಂಡದ ನೀರಿನಲ್ಲಿ ಬಿದ್ದವನಂತೆ ಅಲುಗುತ್ತಾನೆ. ಅದು ಗಾಳಿಯ ಝಳ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಹಗಲು 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮಾಳಿಗೆ, ತಗಡಿನ ಶೆಡ್ಡು, ಬಂಡೆ ಎಲ್ಲ ಹಗಲು ಕುಡಿದ ಬಿಸಿಯನ್ನು ರಾತ್ರಿಯೆಲ್ಲ ಉಗುಳುತ್ತವೆ. ಅದರ ಮೇಲಿಂದ ನೋಡಿದರೆ ಒಲೆಯ ಮೇಲಿಂದ ನೋಡಿದ ಹಾಗೆ. ಅದೂ ಚಂದ್ರ ಆಗತಾನೇ ಮೂಡಿದ್ದರೆ ಕೇಳುವುದೇ ಬೇಡ. ನೆತ್ತಿಯ ಮೇಲಿದ್ದಾಗ ಅವನ ಬೆಳಕು ದಾಟುವ ಗಾಳಿಗಿಂತ ದಿಗಂತದಲ್ಲಿದ್ದಾಗ ಸುಮಾರು 38 ಪಟ್ಟು ಗಾಳಿ ದಾಟಿ ಬರಬೇಕು. ಧೂಳು, ಕಾರ್ಖಾನೆ ಹೊಗೆ, ಭತ್ತದ ಹುಲ್ಲು ಸುಟ್ಟ ಹೊಗೆ ಎಲ್ಲ ಆ ಕೆಳಗಿನ ಪದರದಲ್ಲೇ ಇರುತ್ತವೆ. ಅದಕ್ಕೇ ಅವನು ಕೆಂಪಗೆ ಕಾಣುವುದೂ, ಮಬ್ಬಾಗಿ ಬರುವುದೂ. ಆಕಾಶದಲ್ಲಿ ಮೂರನೇ ಒಂದು ಪಾಲು ಏರಿದರೆ, ಅಂದರೆ 30 ಡಿಗ್ರಿಗೆ ಬಂದರೆ ಆ 38 ಪಟ್ಟು ಬರೀ ಎರಡಕ್ಕೆ ಇಳಿಯುತ್ತದೆ. ಎರಡೂವರೆ ತಾಸು ಕಾಯಿರಿ, ಊಟ ಮಾಡಿ ಬನ್ನಿ. ಮಳೆ ಹೊಯ್ದು ಧೂಳು ಕೂತ ರಾತ್ರಿ ಸಿಕ್ಕರೆ ಬಿಡಬೇಡಿ.

ಮೂಡುವಾಗ ಎಷ್ಟು ದೊಡ್ಡವನಿದ್ದ, ಮೇಲೆ ಹೋದಮೇಲೆ ಸಣ್ಣವನಾದ, ಆಗಲೇ ತೆಗೀಬೇಕಿತ್ತು ಅಂತ ಒಬ್ಬರು ಮಾಸ್ತರರು ನನ್ನ ಹತ್ತಿರ ವಾದ ಮಾಡಿದರು. ಎರಡೂ ಹೊತ್ತಿನ ಫೋಟೋ ಒಂದೇ ಝೂಮ್‌ನಲ್ಲಿ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ ಸರ್ ಅಂದೆ. ಅಳೆದರು. ಒಂದೇ. ಸರಿಯಾಗಿ ಹೇಳಬೇಕೆಂದರೆ ನೆತ್ತಿಯಲ್ಲಿದ್ದಾಗ ಕೂದಲೆಳೆಯಷ್ಟು ದೊಡ್ಡವನೇ, ಯಾಕೆಂದರೆ ಆಗ ನಮಗೆ ಹೆಚ್ಚುಕಡಿಮೆ ಭೂಮಿಯ ಅರ್ಧ ಅಗಲದಷ್ಟು ಹತ್ತಿರ ಇರುತ್ತಾನೆ. ಕೆಳಗಿದ್ದಾಗ ದೊಡ್ಡವನಾಗಿ ತೋರುವುದು ನಮ್ಮ ತಲೆಯ ಆಟ, ಕ್ಯಾಮೆರಾಕ್ಕೆ ಅದು ಗೊತ್ತಿಲ್ಲ.

ಹತ್ತು ಪಟ್ಟು ಝೂಮ್ ಮಾಡಿದರೂ ಬಣ್ಣ ಬಳಿದಂತೆ ಬಂದರೆ

ಒಂದು ತೊಗರಿ ಕಾಳು ತಗೊಂಡು ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಚಂದ್ರನ ಮೇಲೆ ಹಿಡಿಯಿರಿ. ಚಂದ್ರ ಅದರ ಹಿಂದೆ ಅಡಗಿಬಿಡುತ್ತಾನೆ. ಅವನು ಆಕಾಶದಲ್ಲಿ ಹಿಡಿಯುವ ಜಾಗ ಅರ್ಧ ಡಿಗ್ರಿ, ಅಷ್ಟೇ. ಫೋನಿನ ಮುಖ್ಯ ಲೆನ್ಸು ಅಡ್ಡಲಾಗಿ 70 ಡಿಗ್ರಿ ಹತ್ತಿರ ನೋಡುತ್ತದೆ. 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಚಂದ್ರನ ಪಾಲಿಗೆ ಬರುವುದು ಸುಮಾರು 30 ಪಿಕ್ಸೆಲ್. ಆ 30 ಅನ್ನು ಎಷ್ಟು ಹಿಗ್ಗಿಸಿದರೂ ಒಳಗೆ ಇಲ್ಲದ್ದು ಬರುವುದಿಲ್ಲ. ನಿಜವಾದ 3 ಪಟ್ಟಿನ ಲೆನ್ಸ್ ಇದ್ದರೆ 80ರ ಸುತ್ತ, 5 ಪಟ್ಟಿನದಾದರೆ 120ರ ಸುತ್ತ ಸಿಗುತ್ತದೆ, ಅಲ್ಲಿ ಮೊಲ ಚೆನ್ನಾಗಿ ಕಾಣುತ್ತದೆ.

ನಿಮ್ಮ ಫೋನಿನ ಹಿಂದೆ ನಾಲ್ಕು ಕಣ್ಣು ಇವೆ ಅಂದರೆ ದೂರದ ಲೆನ್ಸ್ ಇದೆ ಅಂತಲ್ಲ. ಅಗ್ಗದ ಫೋನುಗಳಲ್ಲಿ ಎರಡು ಕಣ್ಣು ಬರೀ ತೋರಿಕೆಗೆ. ಇದ್ದರೂ ಫೋನು ಅದನ್ನೇ ಬಳಸುತ್ತದೆ ಅನ್ನುವ ಖಾತ್ರಿ ಇಲ್ಲ. ಕತ್ತಲೆ ಅನ್ನಿಸಿದರೆ ಗುಟ್ಟಾಗಿ ಮುಖ್ಯ ಲೆನ್ಸಿಗೆ ಹೋಗಿ ಅದನ್ನೇ ಕತ್ತರಿಸಿ ಹಿಗ್ಗಿಸಿ ತೋರಿಸುತ್ತದೆ. ಕಂಡುಹಿಡಿಯುವುದು ಸುಲಭ. ಝೂಮ್ ಮಾಡಿ ಚಂದ್ರನನ್ನು ಪರದೆಯಲ್ಲಿ ಇಟ್ಟುಕೊಂಡು, ಹಿಂದಿನ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚುತ್ತ ಹೋಗಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಯಿತೋ ಅದೇ ಕೆಲಸ ಮಾಡುತ್ತಿರುವುದು. ದೂರದ ಲೆನ್ಸ್ ಮುಚ್ಚಿದರೂ ಚಂದ್ರ ಕಾಣುತ್ತಲೇ ಇದ್ದರೆ ನಿಮಗೆ ಟೋಪಿ ಬಿದ್ದಿದೆ. ಬೆಳಕು ಇಳಿಸಿ ನೋಡಿ, ಇಲ್ಲವೇ ಪ್ರೊ ಮೋಡಿಗೆ ಹೋಗಿ ದೂರದ ಲೆನ್ಸನ್ನು ನೀವೇ ಆರಿಸಿ.

ದೂರದ ಲೆನ್ಸೇ ಇಲ್ಲದವರಿಗೆ ಒಂದು ದಾರಿ ಇದೆ. ಮನೆಯಲ್ಲಿ ಅಥವಾ ಗೆಳೆಯರ ಹತ್ತಿರ 10 ಪಟ್ಟಿನ ಬೈನಾಕ್ಯುಲರ್ ಇದ್ದರೆ ಫೋನಿನ ಮುಖ್ಯ ಲೆನ್ಸನ್ನು ಅದರ ಒಂದು ಕಣ್ಣಿಗೆ ಒಡ್ಡಿ. 30 ಪಿಕ್ಸೆಲ್ ಇದ್ದ ಚಂದ್ರ 300 ಆಗುತ್ತಾನೆ. ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ಝೂಮ್ ಫೋನು ತಗೊಳ್ಳುವುದಕ್ಕಿಂತ ಇದು ಮೇಲು ಅಂತ ನನ್ನ ಅಭಿಪ್ರಾಯ, ಫೋನು ಮಾರುವ ಗೆಳೆಯರು ಸಿಟ್ಟಾಗುತ್ತಾರೆ. ಇಲ್ಲಿ ಬರುವ ತೊಂದರೆ ಒಂದೇ, ಒಂದು ಪಕ್ಕ ಕಪ್ಪು ಗ್ರಹಣ ಹಿಡಿದಂತೆ ನೆರಳು. ಎರಡರ ನಡುವೆ ನೇರ ತಪ್ಪಿದೆ ಅಂತ ಅರ್ಥ. ಫೋನನ್ನು ನೆರಳು ಇರುವ ಕಡೆಗೆ ಒಮ್ಮೆ, ಎದುರು ಕಡೆಗೆ ಒಮ್ಮೆ ಜರುಗಿಸಿ ನೋಡಿ, ಯಾವ ಕಡೆ ಕಡಿಮೆಯಾಗುತ್ತದೋ ಅಲ್ಲಿ ನಿಲ್ಲಿಸಿ. ಸುತ್ತಲೂ ಕಪ್ಪು ಬಳೆ ಬಂದರೆ ಮಾತ್ರ ಹತ್ತಿರ ದೂರದ ವ್ಯತ್ಯಾಸ. ಫೋನಿನ ಕವರ್ ತೆಗೆಯಿರಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎರಡನೇ ಚಂದ್ರ, ಹಸಿರು ಚುಕ್ಕೆ

ಆಕಾಶದಲ್ಲಿ ಏನೋ ಹಸಿರು ಬೆಳಕು ಬಂದಿತ್ತು ಅಂತ ಒಂದು ಫೋಟೋ ಇಡೀ ಓಣಿಯಲ್ಲಿ ಓಡಾಡಿತ್ತು. ಫೋಟೋದ ನಡುವಿನ ಬಿಂದುವಿನಿಂದ ಚಂದ್ರ ಎಷ್ಟು ದೂರ ಇದ್ದನೋ ಸರಿಯಾಗಿ ಎದುರು ದಿಕ್ಕಿಗೆ ಅಷ್ಟೇ ದೂರದಲ್ಲಿ ಆ ಚುಕ್ಕೆ ಇತ್ತು. ಅದು ಲೆನ್ಸಿನ ಗಾಜುಗಳ ನಡುವೆ ಬೆಳಕು ಪುಟಿದು ಆದ ನೆರಳಚ್ಚು. ಫೋನು ಸ್ವಲ್ಪ ಓರೆ ಮಾಡಿ, ಚುಕ್ಕೆ ಓಡಿದರೆ ಲೆನ್ಸಿನದು. ಚಂದ್ರನನ್ನು ಚಿತ್ರದ ನಡುವಿಗೆ ತಂದರೆ ಚುಕ್ಕೆ ಅವನ ಮೈಯೊಳಗೇ ಅಡಗುತ್ತದೆ, ಬೆಳಕು ಇಳಿಸಿದರೆ ಕಾಣುವುದೇ ಇಲ್ಲ. ಇಷ್ಟಾದರೂ ಜೋಡಿ ಚಂದ್ರ ಬಂದರೆ ಕ್ಯಾಮೆರಾ ಮೇಲೆ ಅಂಟಿಸಿದ ಗ್ಲಾಸ್ ಕಿತ್ತುಹಾಕಿ. ನಾನೇ ಮಾರುವ ಮಾಲು, ಆದರೂ ಹೇಳುತ್ತೇನೆ, ಕಿತ್ತುಹಾಕಿ.

ಬಲು ಚೆಂದ ಬಂದರೆ

ಇದನ್ನು ಯಾರೂ ರಿಪೇರಿಗೆ ತರುವುದಿಲ್ಲ, ಆದರೂ ಹೇಳಬೇಕು. ಮೋಡ ಮುಸುಕಿದ್ದರೂ ಕುಳಿಗಳೆಲ್ಲ ಕೊರೆದಂತೆ ಬಂದಿದ್ದರೆ ಅದರಲ್ಲಿ ಫೋನಿನ ಕೈವಾಡ ಇದೆ. 2023ರ ಮಾರ್ಚ್‌ನಲ್ಲಿ ಒಬ್ಬ ಬಳಕೆದಾರ ಬೇಕಂತಲೇ ಮಬ್ಬು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿ ಹಾಕಿ, ಕೋಣೆಯ ದೀಪ ಆರಿಸಿ ಸ್ಯಾಮ್‌ಸಂಗ್ ಫೋನಿನಿಂದ ಫೋಟೋ ತೆಗೆದ. ಪರದೆಯಲ್ಲಿ ಇಲ್ಲದ ವಿವರಗಳು ಫೋಟೋದಲ್ಲಿ ಬಂದವು. ಚಂದ್ರನನ್ನು ಗುರುತಿಸಿ ಎಐ ಮೂಲಕ ವಿವರ ಹೆಚ್ಚಿಸುವ ವ್ಯವಸ್ಥೆ ಇದೆ, ಸೀನ್ ಆಪ್ಟಿಮೈಸರ್ ಅನ್ನುವ ಸೆಟ್ಟಿಂಗ್ ಬಂದ್ ಮಾಡಿದರೆ ಅದು ನಿಲ್ಲುತ್ತದೆ ಅಂತ ಕಂಪನಿಯೇ ಆಮೇಲೆ ವಿವರಿಸಿತು. ಮೋಸ ಅನ್ನಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನನಗಂತೂ ಮಸುಕಾದರೂ ನಾನೇ ತೆಗೆದ ಚಂದ್ರ ಬೇಕು. ಸೆಟ್ಟಿಂಗಿನಲ್ಲಿ ಅಂಥದ್ದನ್ನು ಬಂದ್ ಮಾಡಿ ಒಂದು, ಹಾಕಿ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ಕುಳಿಗಳೇ ಬೇಕು ಅಂದರೆ ಹುಣ್ಣಿಮೆ ಬಿಟ್ಟು ಶುಕ್ಲ ಅಷ್ಟಮಿ, ನವಮಿ, ದಶಮಿಗೆ ತೆಗೆಯಿರಿ. ಹುಣ್ಣಿಮೆಯಂದು ಬಿಸಿಲು ಚಂದ್ರನಿಗೆ ನೇರ ಬಿದ್ದು ನೆರಳೇ ಇರುವುದಿಲ್ಲ, ಮಟಮಟ ಮಧ್ಯಾಹ್ನ ತೆಗೆದ ಹೊಲದ ಹಾಗೆ ಸಪಾಟು. ಅಷ್ಟಮಿಗೆ ಬೆಳಕು ಕತ್ತಲು ಸೇರುವ ಗೆರೆಯ ಮೇಲೆ ಕುಳಿಯ ದಂಡೆಗಳ ನೆರಳು ಉದ್ದ ಬೀಳುತ್ತದೆ. ಮೇಲಾಗಿ ಸಂಜೆ ಸೂರ್ಯ ಮುಳುಗುವ ಹೊತ್ತಿಗೇ ಎತ್ತರದಲ್ಲಿರುತ್ತಾನೆ, ರಾತ್ರಿ ಕಾಯುವ ಗೋಳಿಲ್ಲ.

ಫೋನಿನಲ್ಲಿ ಚೆನ್ನಾಗಿದೆ, ಕಳಿಸಿದರೆ ಕೆಡುತ್ತದೆ ಅನ್ನುವವರು ವಾಟ್ಸ್ಯಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸಾದಾ ಫೋಟೋ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಚಂದ್ರನ ಕಲೆಗಳೇ ಮೊದಲು ಹೋಗುವುದು.

ಗ್ರಹಣದ ದಿನ ಮಾತ್ರ ಇದೆಲ್ಲ ಉಲ್ಟಾ. 2025ರ ಸೆಪ್ಟೆಂಬರ್ 7ರ ರಾತ್ರಿಯ ಪೂರ್ಣ ಚಂದ್ರಗ್ರಹಣದಲ್ಲಿ ಹನ್ನೊಂದು ಗಂಟೆಯಿಂದ 82 ನಿಮಿಷ ಚಂದ್ರ ಪೂರ್ತಿ ಭೂಮಿಯ ನೆರಳಿನಲ್ಲಿದ್ದ. ನಾನು ಮಹಾ ಬುದ್ಧಿವಂತನಂತೆ 1/1000 ಇಟ್ಟುಕೊಂಡು ಕೂತಿದ್ದೆ, ಪರದೆಯಲ್ಲಿ ಬರೀ ಕಪ್ಪು. ಆಗ ಅವನ ಮೇಲೆ ನೇರ ಬಿಸಿಲು ಇಲ್ಲ, ನಮ್ಮ ಭೂಮಿಯ ಗಾಳಿಯಲ್ಲಿ ಬಾಗಿ ಹೋದ ಕೆಂಪು ಬೆಳಕಷ್ಟೇ. ಆವತ್ತು ನೈಟ್ ಮೋಡ್ ಹಾಕಿ, ಜೋಳದ ಚೀಲ ತನ್ನಿ.

ನಿಜವಾಗಿ ಕೆಟ್ಟಿದ್ದರೆ

ಹಗಲಿನ ಪರೀಕ್ಷೆಯಲ್ಲಿ ಸೋತ ಫೋನುಗಳ ಕಥೆ ಇದು. ಲೆನ್ಸಿನ ಒಳಗೆ ಮಂಜು ಕಟ್ಟಿದ್ದರೆ ನೀರು ಹೋಗಿದೆ, ಚಾರ್ಜಿಗೆ ಹಾಕದೆ ತನ್ನಿ. ಮೇಲಿನ ಗ್ಲಾಸ್ ಒಡೆದಿದ್ದರೆ ಗ್ಲಾಸ್ ಮಾತ್ರ ಬದಲಿಸಿದರೆ ಸಾಕು, ಇಡೀ ಕ್ಯಾಮೆರಾ ಹಾಕಿಸಿ ಅಂದವರನ್ನು ನಂಬಬೇಡಿ. ಈಗ ಜಾಸ್ತಿ ಬರುತ್ತಿರುವುದು ಮೂರನೆಯದು, ಬೈಕಿನ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿಕೊಂಡು ಓಡಾಡುವವರದು. ಕೈ ನಡುಕ ತಡೆಯಲು ಒಳ್ಳೆಯ ಫೋನುಗಳಲ್ಲಿ ಲೆನ್ಸನ್ನು ತೇಲಾಡುವಂತೆ ಕೂರಿಸಿರುತ್ತಾರೆ. ದೊಡ್ಡ ಬೈಕಿನ ಇಂಜಿನ್ನಿನ ಅದುರು ಅದನ್ನು ಹಾಳು ಮಾಡಬಹುದು ಅಂತ ಆ್ಯಪಲ್ ಕಂಪನಿ 2021ರಲ್ಲೇ ಎಚ್ಚರಿಸಿದೆ. ಕ್ಯಾಮೆರಾ ತೆರೆದರೆ ಚಿತ್ರ ಗಡಗಡ ನಡುಗುವುದು, ಟರ್ ಅನ್ನುವ ಸದ್ದು, ಫೋನು ಬೋರಲು ಮಾಡಿದಾಗ ಒಂದು ಥರ, ಮೇಲೆತ್ತಿದಾಗ ಇನ್ನೊಂದು ಥರ ಫೋಕಸ್ಸು, ಇವೇ ಗುರುತು. ಇದಕ್ಕೆ ಸೆಟ್ಟಿಂಗ್ ಇಲ್ಲ, ಕ್ಯಾಮೆರಾ ಭಾಗ ಬದಲಿಸಬೇಕು.

ಕಾರಟಗಿ ಕಡೆಯ ಹುಡುಗನೊಬ್ಬ ಇದೇ ತೊಂದರೆ ತಂದಿದ್ದ. ಎರಡು ವರ್ಷ ಫೋನು ಹ್ಯಾಂಡಲ್ಲಿನ ಮೇಲೇ ಇತ್ತಂತೆ. ಹೊಸ ಕ್ಯಾಮೆರಾ ಹಾಕಿಕೊಟ್ಟೆ, ಕೋಟೆ ಬೆಟ್ಟ ಹೊಡೆದು ತೋರಿಸಿದೆ, ಖುಷಿಯಾಗಿ ಹೋದ. ಮುಂದಿನ ಹುಣ್ಣಿಮೆ ರಾತ್ರಿ ಒಂಬತ್ತಕ್ಕೆ ಫೋಟೋ ಬಂತು, ಬಿಳಿ ಉಂಡೆ. ಕೆಳಗೆ "ಅಣ್ಣಾ, ಹೊಸಾದೂ ಹೋತು ಕಾಣ್ತೈತಿ" ಅಂತ ಬರೆದಿದ್ದ. "ವಿವರ ತೆಗದು ನೋಡೋ" ಅಂತ ಕಳಿಸಿದೆ. ಹತ್ತು ನಿಮಿಷ ಸುದ್ದಿ ಇಲ್ಲ. ಆಮೇಲೆ ಡಾಕ್ಯುಮೆಂಟ್ ಒಂದು ಬಂತು, ತೆರೆದರೆ ಮೊಲದ ಎರಡೂ ಕಿವಿ ಕಂಡವು.